ರೆಕ್ಕೆಯ ಹೊರಗಿನ ಮರಿ

ನಿನ್ನೆ ಸಂಜೆ ವಿರಾಜಪೇಟೆಯಲ್ಲಿ ಜೋರು ಮಳೆ. ಸೌದೆ ಕೊಟ್ಟಿಗೆಯಲ್ಲಿ ನಮ್ಮ ಹೇಂಟೆ ಕೊಕ್ ಕೊಕ್ ಎಂದು ಮರಿಗಳನ್ನು ಕರೆದು ರೆಕ್ಕೆಯೊಳಗೆ ಸೇರಿಸಿಕೊಂಡಿತು. ಹೊಟ್ಟೆಯ ಕೆಳಗೆ ಪುಟ್ಟ ಕಾಲುಗಳಷ್ಟೇ ಕಾಣುತ್ತಿದ್ದವು. ಹೇಂಟೆಗೇ ಹದಿನಾರು ಕಾಲು ಬಂದ ಹಾಗೆ! ಒಂದು ಕರಿ ಮರಿ ಮಾತ್ರ ಸೂರಿನ ನೀರು ಬೀಳುವಲ್ಲಿ ಕೆದಕುತ್ತಿತ್ತು. ಹಿಡಿಯಲು ಹೋದರೆ ಬೆರಳಿಗೇ ಕುಕ್ಕಿತು.

ಜೆರುಸಲೇಮನ್ನು ನೆನೆದು ಯೇಸು ಹೇಳಿದ್ದೂ ಇದೇ ಅಲ್ವಾ? ಕೋಳಿ ಮರಿಗಳನ್ನು ಸೇರಿಸಿಕೊಳ್ಳುವ ಹಾಗೆ ಎಷ್ಟು ಸಲ ಸೇರಿಸಿಕೊಳ್ಳಲು ನೋಡಿದೆ, ನಿಮಗೇ ಮನಸ್ಸಿರಲಿಲ್ಲ ಎಂದು. 1792ರಲ್ಲಿ ಶುರುವಾದ ಇಲ್ಲಿನ ಸಂತ ಅನ್ನಮ್ಮ ದೇವಾಲಯದಲ್ಲಿ ಈ ಮಾತು ಎಷ್ಟೋ ಸಲ ಕೇಳಿದ್ದೇನೆ. ಬೈಬಲ್‌ನ ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ, ತನ್ನನ್ನು ಕೊಲ್ಲಲು ನೋಡುತ್ತಿದ್ದ ದೊರೆ ಹೆರೋದನನ್ನು ನರಿ ಎಂದ ಬೆನ್ನಿಗೇ ಇದು ಬರುತ್ತದೆ. ನರಿಯ ಎದುರು ಯೇಸು ಹುಲಿಯಾಗಬಹುದಿತ್ತು. ಹೇಂಟೆಯಾದ. ಹೇಂಟೆಗೆ ಕೊಂಬಿಲ್ಲ, ಕೋರೆಯಿಲ್ಲ. ಮೈಯನ್ನೇ ಅಡ್ಡ ಹಾಕಬೇಕು.

2018ರ ಆಗಸ್ಟ್‌ನಲ್ಲಿ ನಾನು ಮಡಿಕೇರಿಯಲ್ಲಿ ಬಾಡಿಗೆಗಿದ್ದೆ. ಸುತ್ತ ಗುಡ್ಡ ಕುಸಿಯುತ್ತಿತ್ತು. ಅಮ್ಮ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು.

"ಮನೆಗೆ ಬಾ ಮಗ. ಪ್ರಾರ್ಥನೆಯಾದ್ರೂ ಮಾಡು."

"ಸುಮ್ನೆ ಇರಮ್ಮ, ನಂಗೆಲ್ಲ ಗೊತ್ತು."

ಏನು ಗೊತ್ತಿತ್ತೋ! ಅದೇ ರಾತ್ರಿ ಮನೆ ಹಿಂದಿನ ಮಣ್ಣಿನ ದಿಬ್ಬ ಜಾರಿ ಅಡುಗೆಮನೆ ಬಾಗಿಲವರೆಗೆ ಕೆಸರು ಬಂತು. ಮಾರನೇ ದಿನ ಹೇಗೋ ಊರು ಮುಟ್ಟಿದೆ. ಅಮ್ಮ ಬೈಯಲಿಲ್ಲ. ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದರು. ಬೈದಿದ್ದರೇ ವಾಸಿ ಅನಿಸಿತು.

ನಿನ್ನೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮತ್ತೆ ಕೊಟ್ಟಿಗೆಗೆ ಹೋದೆ. ಕರಿ ಮರಿ ಇನ್ನೂ ಹೊರಗೇ, ಒದ್ದೆಯಾಗಿ ನಿಂತಿತ್ತು. ಹೇಂಟೆ ಆ ಕಡೆಯ ರೆಕ್ಕೆಯನ್ನು ಸ್ವಲ್ಪ ಎತ್ತಿಕೊಂಡೇ ಕೂತಿತ್ತು.