ಖಿನ್ನತೆಯನ್ನು ಸ್ಕ್ಯಾನಿನಲ್ಲಿ ಅಳೆಯಬಹುದೇ?

ಕಳೆದ ತಿಂಗಳು ಆಳಂದದಿಂದ ನಮ್ಮ ಕಾಕಾ ಕಲಬುರಗಿಯ ನಮ್ಮ ಮನೆಗೆ ಬಂದಿದ್ದರು. ಮನೋವೈದ್ಯರು ಅವರಿಗೆ ಖಿನ್ನತೆಯ ಮಾತ್ರೆ ಆರಂಭಿಸಿ ಎರಡು ವಾರವಾಗಿತ್ತು. ಔಷಧದ ಚೀಟಿಯನ್ನು ಮಡಚುತ್ತಾ, "ತಮ್ಮಾ, ತಲಿ ಸ್ಕ್ಯಾನ್ ಮಾಡಿಸಿದ್ರ ಯಾವ ರಸ ಕಮ್ಮಿ ಆಗ್ಯಾದಂತ ಗೊತ್ತಾಗ್ತದಲ್ಲಾ? ಬರೇ ಮಾತಾಡಿಸಿ ಗುಳಿಗಿ ಯಾಕ ಕೊಟ್ರು?" ಎಂದು ಕೇಳಿದರು.

ರಸಾಯನಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆಯನ್ನು ತಳ್ಳಿಹಾಕಲಾಗಲಿಲ್ಲ, ಏಕೆಂದರೆ ಅಂಥದೊಂದು ಅಳತೆ ನಿಜಕ್ಕೂ ಇದೆ. ಬಿ.ಎಸ್ಸಿ. ತರಗತಿಯಲ್ಲಿ ನಾವು ಹೇಳಿಕೊಡುವ, ಬಲವಾದ ಕಾಂತದೊಳಗೆ ಅಣುಗಳು ಹೊಮ್ಮಿಸುವ ಸಂಕೇತದಿಂದ ಅವನ್ನು ಗುರುತಿಸುವ ಎನ್‌ಎಂಆರ್ ತತ್ತ್ವವನ್ನೇ ಎಂಆರ್‌ಐ ಯಂತ್ರದಲ್ಲಿ ಮಲಗಿದ ಮನುಷ್ಯನ ಮಿದುಳಿಗೆ ಅನ್ವಯಿಸುವ ಈ ವಿಧಾನಕ್ಕೆ ಎಂಆರ್ ಸ್ಪೆಕ್ಟ್ರೋಸ್ಕೋಪಿ ಎಂದು ಹೆಸರು. ಸಾಮಾನ್ಯ ಎಂಆರ್‌ಐ ಚಿತ್ರ ಮೂಡುವುದು ಬಹುಮಟ್ಟಿಗೆ ನೀರಿನ ಹೈಡ್ರೋಜನ್ನಿನಿಂದ. ಇಲ್ಲಿ ನೀರಿನ ಸಂಕೇತವನ್ನು ಅಡಗಿಸಿ, ಅದಕ್ಕಿಂತ ಸಾವಿರಾರು ಪಟ್ಟು ದುರ್ಬಲವಾದ ಇತರ ಅಣುಗಳ ಸಂಕೇತವನ್ನು ಹಿಡಿಯುತ್ತಾರೆ. ಆ ಸಂಕೇತಗಳನ್ನು ಸಾಲಾಗಿ ತೋರಿಸುವ ನಕ್ಷೆಯಾದ ರೋಹಿತದಲ್ಲಿ ಪ್ರತಿ ಸಂಕೇತದ ಸ್ಥಾನವನ್ನು ಪಿಪಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ: ಮಿದುಳಿನಲ್ಲಿರುವ ಅಣುಗಳಾದ ಕ್ರಿಯಾಟಿನ್ 3.0 ಪಿಪಿಎಂ ಬಳಿ, ಕೋಲೀನ್ 3.2ರ ಬಳಿ ಶಿಖರಗಳಾಗಿ ಏಳುತ್ತವೆ.

ಖಿನ್ನತೆಯ ಸಂಶೋಧಕರು ಬೆನ್ನು ಹತ್ತಿರುವ, ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಲೀಟರಿಗೆ 1ರಿಂದ 2 ಮಿಲಿಮೋಲ್‌ನಷ್ಟಿರುವ ಅದರ ಶಿಖರ ಕ್ರಿಯಾಟಿನ್ ಶಿಖರದ ಅಡಿಯಲ್ಲೇ ಹೂತುಹೋಗಿರುತ್ತದೆ. ಆದ್ದರಿಂದ 1.9 ಪಿಪಿಎಂ ಬಳಿ ಗಾಬಾದ ಸಂಕೇತವನ್ನು ಬದಲಿಸುವ ಒಂದು ರೇಡಿಯೋ ಸ್ಪಂದವನ್ನು (ಪಲ್ಸ್) ಒಮ್ಮೆ ಹಾಕಿ, ಒಮ್ಮೆ ಹಾಕದೆ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಎರಡರಲ್ಲೂ ಸಮನಾಗಿರುವ ಕ್ರಿಯಾಟಿನ್ ಅಳಿದು ಗಾಬಾ ಉಳಿಯುತ್ತದೆ. ನನಗೆ ಬಹಳ ಹಿಡಿಸಿದ ಜಾಣ್ಮೆ ಇದು. ಆದರೆ ಅದಕ್ಕೆ ಸುಮಾರು 3 ಸೆಂಟಿಮೀಟರ್ ಬದಿಯ ಮಿದುಳಿನ ಭಾಗವೂ ಹತ್ತು ನಿಮಿಷದಷ್ಟು ಕಾಲವೂ ಬೇಕು, ಮತ್ತು ಅಷ್ಟರಲ್ಲಿ ತಲೆ ಅಲುಗಿದರೆ ಈ ಕಳೆಯುವ ಲೆಕ್ಕವೇ ತಪ್ಪುತ್ತದೆ.

1999ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸನಕೋರಾ ಮತ್ತು ಸಂಗಡಿಗರು, ಖಿನ್ನತೆಯಿರುವವರ ಮಿದುಳಿನ ಹಿಂಭಾಗದಲ್ಲಿ ಗಾಬಾ ಕಡಿಮೆಯಿರುವುದನ್ನು ತೋರಿಸಿದರು. ಅದು ಗುಂಪಿನ ಸರಾಸರಿ. ರೋಗಿಗಳ ಅಂಕಿಗಳೂ ಆರೋಗ್ಯವಂತರ ಅಂಕಿಗಳೂ ಒಂದರೊಳಗೊಂದು ಬೆರೆತಿರುತ್ತವೆ. ತಾಲ್ಲೂಕಿನ ತೊಗರಿಯ ಸರಾಸರಿ ಇಳುವರಿ ನೋಡಿ ನಿಮ್ಮ ಹೊಲದ ಇಳುವರಿ ಹೇಳಲಾಗದು ಎಂದಾಗ ಕಾಕಾ ತಲೆಯಾಡಿಸಿದರು. ಇನ್ನು ಅವರ ಮಾತ್ರೆ ಕೆಲಸ ಮಾಡುವ ಸೆರೊಟೋನಿನ್ ಎಂಬ ಮಿದುಳಿನ ಇನ್ನೊಂದು ರಾಸಾಯನಿಕ ಎಷ್ಟು ಅತ್ಯಲ್ಪವೆಂದರೆ, ಈ ವಿಧಾನಕ್ಕೆ ಅದು ಕಾಣುವುದೇ ಇಲ್ಲ.

ಅದೇ ಚೀಟಿಯ ಕೆಳಗೆ ವೈದ್ಯರು ಥೈರಾಯಿಡ್ ರಕ್ತಪರೀಕ್ಷೆ ಬರೆದಿದ್ದರು. ಅದನ್ನು ಕಾಕಾ ಇನ್ನೂ ಮಾಡಿಸಿರಲಿಲ್ಲ. ಥೈರಾಯಿಡ್ ಕೊರತೆ ಕೆಲವೊಮ್ಮೆ ಖಿನ್ನತೆಯಂತೆಯೇ ತೋರುವುದರಿಂದ, ಮರುದಿನ ಬೆಳಿಗ್ಗೆ ಸೂಪರ್ ಮಾರ್ಕೆಟ್ ಕಡೆಗೆ ಹೊರಟವರು ಮೊದಲು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದೆವು.