ಡ್ಯೂ ಪ್ರಾಸೆಸ್ ಕ್ಲಾಸು

ಕಾನೂನಿನಲ್ಲಿ ಸ್ನಾತಕೋತ್ತರ ಪದವಿ, ಎಲ್‌ಎಲ್‌ಎಂ ಓದಲು ಅಮೆರಿಕಕ್ಕೆ ಬಂದು ಎರಡು ತಿಂಗಳಾಯಿತು. ಇಲ್ಲಿ ಮೇಷ್ಟ್ರು ಪಾಠ ಹೇಳುವುದಕ್ಕಿಂತ ಪ್ರಶ್ನೆ ಕೇಳುವುದೇ ಜಾಸ್ತಿ. ಯಾರನ್ನು ಯಾವಾಗ ಕರೆಯುತ್ತಾರೋ ಗೊತ್ತಾಗುವುದಿಲ್ಲ. ರಾತ್ರಿಯೆಲ್ಲ ತೀರ್ಪು ಓದುತ್ತೇನೆ.

ಇವತ್ತು 'ಡ್ಯೂ ಪ್ರಾಸೆಸ್' ಬಂತು. ಅಂದರೆ, ನ್ಯಾಯವಾದ ಕಾನೂನು ಕ್ರಮವಿಲ್ಲದೆ ಸರ್ಕಾರ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬ ಅಮೆರಿಕ ಸಂವಿಧಾನದ ಮಾತು. ನನಗೆ ಮಂಗಳೂರು ಕಡೆಯ ಬಿ.ಎನ್. ರಾವ್ ನೆನಪಾದರು. ನಮ್ಮ ಸಂವಿಧಾನ ಸಭೆಯ ಸಲಹೆಗಾರರು. 1947ರಲ್ಲಿ ಇಲ್ಲಿಗೆ ಬಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ಡ್ಯೂ ಪ್ರಾಸೆಸ್ ಮಾತನ್ನು ನಮ್ಮ ಸಂವಿಧಾನಕ್ಕೆ ಸೇರಿಸಿದರೆ ಕೋರ್ಟಿನ ಕೈಗೆ ತುಂಬಾ ಅಧಿಕಾರ ಹೋಗುತ್ತದೆ ಎಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಜೀವ, ಸ್ವಾತಂತ್ರ್ಯ ಕಾಯುವ ನಮ್ಮ 21ನೇ ವಿಧಿಯಲ್ಲಿ ಆ ಮಾತು ಬರಲೇ ಇಲ್ಲ. ಆಮೇಲೆ 1978ರ ಮೇನಕಾ ಗಾಂಧಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಕಾನೂನಿನ ದಾರಿಯೂ ನ್ಯಾಯವಾಗಿಯೇ ಇರಬೇಕು ಎಂದಿತು. ಬಿಟ್ಟ ಮಾತು ಬೇರೆ ಬಾಗಿಲಿಂದ ಒಳಗೆ ಬಂದ ಹಾಗೆ, ಅಲ್ವಾ?

ಕೈ ಎತ್ತಿ ಇದನ್ನೇ ಹೇಳಿದೆ. ಪಕ್ಕದ ಬ್ರೆಜಿಲ್ ಹುಡುಗಿ ಬರೆದುಕೊಂಡಳು.