ಸೆರಗಿಗೊಂದು ಕಾಫಿ ಹೂ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ದಾಟಿತು. ಮಡಿಕೇರಿ ಸುತ್ತಲ ತೋಟಗಳೆಲ್ಲ ಬೆಳ್ಳಗೆ, ಗಾಳಿ ತುಂಬ ಮಲ್ಲಿಗೆಯಂಥ ಘಮ. ನಾನು ಮಾತ್ರ ಒಳಗೆ ಕೂತು ಜೇಡಿಮಣ್ಣಿನಲ್ಲಿ ಕಾಫಿ ಹೂವಿನ ಬ್ರೂಚ್ (ಸೆರಗಿಗೆ ಚುಚ್ಚುವ ಅಲಂಕಾರದ ಪಿನ್) ಮಾಡುತ್ತಿದ್ದೇನೆ. ಎಸಳು ತೆಳುವಾದಷ್ಟೂ ಚಂದ, ಆದರೆ ಒಣಗುವಾಗ ತುದಿ ಬಿರುಕು ಬಿಡುತ್ತದೆ. ಸುಟ್ಟರೆ ಮಣ್ಣು ಕುಗ್ಗುತ್ತದೆ, ಹಾಗಾಗಿ ಸ್ವಲ್ಪ ದೊಡ್ಡದಾಗಿಯೇ ಮಾಡಬೇಕು. ಗ್ಲೇಜ್ ಎಂಬ ಗಾಜಿನಂಥ ಲೇಪ ಹಚ್ಚಿ ಮತ್ತೆ ಕಿಲ್ನ್‌ಗೆ, ಅಂದರೆ ಮಣ್ಣು ಸುಡುವ ಗೂಡಿಗೆ, 1000 ಡಿಗ್ರಿ ದಾಟಿದ ಬಿಸಿಗೆ. ಪಿನ್ ಅಂಟಿಸುವುದು ಕೊನೆಗೆ.

ನಿಜದ ಹೂ ಎರಡು ಮೂರು ದಿನಕ್ಕೆ ಕಂದಿಬಿಡುತ್ತದೆ. ಇದು ಉಳಿಯುತ್ತೆ, ಘಮ ಇಲ್ಲ ಅಷ್ಟೇ. ಕೊಡವ ಸೀರೆಗೆ ನೆರಿಗೆ ಹಿಂದೆ, ಸೆರಗು ಬಲಭುಜದ ಮೇಲೆ. ಅಲ್ಲಿ ಪಿನ್ ಬೇಕೇ ಬೇಕಲ್ವಾ? ಚಿನ್ನದ್ದೇ ಯಾಕಾಗಬೇಕು!

ಅತ್ತೆ ಒಂದನ್ನು ತಿರುಗಿಸಿ ನೋಡಿ, "ಅರೇಬಿಕಾನೋ ರೊಬಸ್ಟಾನೋ?" ಎಂದರು. ಕಾಫಿಯ ಈ ಎರಡು ಜಾತಿಗಳಲ್ಲಿ ರೊಬಸ್ಟಾ ಹೂವಿಗೆ ಎಸಳು ಹೆಚ್ಚಿರಬಹುದು; ನನ್ನದಕ್ಕೆ ಐದೇ ಎಸಳು ಇತ್ತು. ಅರೇಬಿಕಾ ಅತ್ತೆ, ಎಂದೆ.